ಓಮ್ನಿ ಡೋರ್ ಗ್ಲಾಸ್ ವಾಲ್ತಿದ್ರೆ ಹೊಸ ಮಷೀನ್ ತರೋ ಮುಂಚೆ ಇಷ್ಟು ನೋಡಿ

ಅಣ್ಣಾ, 2006ರ ಓಮ್ನಿ, ಡ್ರೈವರ್ ಸೈಡ್ ಗ್ಲಾಸ್ ಏರಿಸುವಾಗ ವಾಲ್ಕೊಂಡು ಮುಂದಿನ ಮೂಲೇಲಿ ಸಂದಿ ಉಳಿಯುತ್ತೆ, ಹಳ್ಳ ದಿಣ್ಣೆ ರೋಡಲ್ಲಿ ಗಡಗಡ ಅನ್ನುತ್ತೆ, ಗ್ಯಾರೇಜಲ್ಲಿ ಮಷೀನೇ (ಹ್ಯಾಂಡಲ್ ತಿರುಗಿಸಿದ್ರೆ ಗ್ಲಾಸ್ ಏರಿಸಿ ಇಳಿಸೋ ಭಾಗ) ಹೋಗಿದೆ ಅಂದ್ರು ಅಂತ ಬರೆದಿದ್ದೀರಲ್ಲ, ದಯವಿಟ್ಟು ಈಗಲೇ ಮಷೀನ್ ತಗೋಬೇಡಿ. ಮಷೀನ್ ಹೋಗಿದ್ರೆ ಸಾಮಾನ್ಯವಾಗಿ ಹ್ಯಾಂಡಲ್ ಸುಮ್ನೆ ತಿರುಗುತ್ತೆ, ಇಲ್ಲ ಹಲ್ಲು ಹಾರಿದ ಹಾಗೆ ಕಟಕಟ ಅನ್ನುತ್ತೆ, ಗ್ಲಾಸ್ ತಾನಾಗೇ ಕೆಳಗೆ ಜಾರುತ್ತೆ.

ಮೊದಲು ಬಾಗಿಲು ತೆಗೆದು ತುದಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಅಲ್ಲಾಡಿದ್ರೆ ಹಿಂಜ್ ಪಿನ್ ಸವೆದಿದೆ, ಬಾಗಿಲೇ ಇಳಿದಿದೆ, ಅದನ್ನ ಸರಿ ಮಾಡದೆ ಗ್ಲಾಸ್ ಮುಟ್ಟೋದು ವೇಸ್ಟ್. ಅಲ್ಲಾಡದಿದ್ರೆ ಗ್ಲಾಸನ್ನ ಅರ್ಧ ಇಳಿಸಿ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಒಳಕ್ಕೂ ಹೊರಕ್ಕೂ ಆಡ್ತಾ ಇದ್ರೆ ಪಕ್ಕದ ರಬ್ಬರ್ ಬೀಡಿಂಗ್, ಅಂದ್ರೆ ಗ್ಲಾಸ್ ಜಾರೋ ರಬ್ಬರ್ ಪಟ್ಟಿ, ಗಟ್ಟಿಯಾಗಿ ಸವೆದಿದೆ ಅಂತ, ಒಂದು ಮೂಲೆ ಮೇಲೆ ಕೆಳಗೆ ಆಡ್ತಾ ಇದ್ರೆ ಗ್ಲಾಸಿನ ಬುಡ ಕೂರೋ ಕಬ್ಬಿಣದ ಚಾನೆಲ್ಲಿಂದ ಒಂದು ಕಡೆ ಬಿಟ್ಟಿದೆ ಅಂತ. ನೀವು ಹೇಳೋದು ಕೇಳಿದ್ರೆ ನಂಗೆ ಎರಡನೇದೇ ಅನ್ಸುತ್ತೆ.

ಇನ್ನು ಬಿಚ್ಚೋದು ಹೇಗೆ ಅಂದ್ರೆ, ಹ್ಯಾಂಡಲ್ ಹಿಂದೆ ಒಂದು ಸಣ್ಣ ಲಾಕ್ ಕ್ಲಿಪ್ ಇರುತ್ತೆ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಹಳೇ ಕಾಟನ್ ಬಟ್ಟೆ ಹ್ಯಾಂಡಲ್ ಸಂದಿಗೆ ತೂರಿಸಿ ಆ ಕಡೆ ಈ ಕಡೆ ಉಜ್ಜಿದ್ರೆ ಕ್ಲಿಪ್ ಟಣ್ ಅಂತ ಹಾರುತ್ತೆ, ಇನ್ನೊಂದು ಕೈ ಅಡ್ಡ ಇಟ್ಕೊಳ್ಳಿ, ಇಲ್ಲಾಂದ್ರೆ ಸೀಟ್ ಕೆಳಗೆ ಹುಡುಕ್ತಾ ಕೂರಬೇಕು. ಡೋರ್ ಪ್ಯಾಡ್ (ಬಾಗಿಲ ಒಳಗಡೆ ಹೊದಿಕೆ) ಬಿಚ್ಚಿ, ಅದರ ಹಿಂದಿರೋ ಪ್ಲಾಸ್ಟಿಕ್ ಶೀಟ್ ಹರಿಯದ ಹಾಗೆ ತೆಗೆದಿಡಿ.

ಗ್ಲಾಸ್ ಹೊರಗೆ ತೆಗೆದು ಚಾನೆಲ್ಲಲ್ಲಿರೋ ಹಳೇ ರಬ್ಬರ್ ಕೆರೆದು ಹಾಕಿ, ತುಕ್ಕು ಇದ್ರೆ ಉಜ್ಜಿ ಪ್ರೈಮರ್ ಹಚ್ಚಿ ಒಣಗೋಕೆ ಬಿಡಿ. ಹೊಸ ರಬ್ಬರ್ ಗ್ಲಾಸಿಗೆ ಸುತ್ತಿ, ಸೋಪ್ ನೀರು ಹಚ್ಚಿ, ಚಾನೆಲ್ ಮೇಲೆ ಮರದ ತುಂಡು ಇಟ್ಟು ರಬ್ಬರ್ ಸುತ್ತಿಗೇಲಿ ಸ್ವಲ್ಪ ಸ್ವಲ್ಪವಾಗಿ ತಟ್ಟಿ. ಚಾನೆಲ್ ಮುಂಚೆ ಎಲ್ಲಿತ್ತೋ ಅಲ್ಲೇ ಕೂರಬೇಕು, ಹಾಗಾಗಿ ಬಿಚ್ಚೋಕೆ ಮುಂಚೇನೇ ಗ್ಲಾಸ್ ಮೇಲೆ ಮಾರ್ಕರಲ್ಲಿ ಗೆರೆ ಎಳ್ಕೊಳ್ಳಿ. ಇದು ಟಫನ್ಡ್ ಗ್ಲಾಸು, ಅಂಚಿಗೆ ಕಬ್ಬಿಣದಲ್ಲಿ ಒಂದು ಏಟು ಬಿದ್ರೆ ಪೂರ್ತಿ ಗ್ಲಾಸ್ ಪುಡಿ ಆಗುತ್ತೆ, ಕಣ್ಣಿಗೆ ಕನ್ನಡಕ ಹಾಕ್ಕೊಂಡೇ ಮಾಡಿ.

ವಾಪಸ್ ಫಿಟ್ ಮಾಡುವಾಗ ಯಾವ ಬೋಲ್ಟನ್ನೂ ಒಂದೇ ಸಲ ಟೈಟ್ ಮಾಡ್ಬೇಡಿ, ಇದೇ ಮುಖ್ಯ. ಎಲ್ಲಾ ಬೆರಳಲ್ಲಿ ತಿರುಗೋವಷ್ಟು ಲೂಸ್ ಇಟ್ಟು ಗ್ಲಾಸ್ ಪೂರ್ತಿ ಏರಿಸಿ, ಅದು ತಾನಾಗೇ ಫ್ರೇಮಲ್ಲಿ ಸರಿಯಾಗಿ ಕೂತ್ಕೊಳ್ಳುತ್ತೆ, ಆಮೇಲೆ ಹಾಗೇ ಇಟ್ಟು ಟೈಟ್ ಮಾಡಿ. ಇಳಿಸಿ ಏರಿಸಿ ನೋಡಿ, ಎಲ್ಲಾದ್ರೂ ಬಿಗಿಯಾದ್ರೆ ಮತ್ತೆ ಲೂಸ್ ಮಾಡಿ. ಮಷೀನ್ ಹಲ್ಲಿಗೆ ಗ್ರೀಸ್, ಬೀಡಿಂಗಿಗೆ ಸಿಲಿಕಾನ್ ಸ್ಪ್ರೇ ಮಾತ್ರ. ಎಂಜಿನ್ ಆಯಿಲ್ ಬಿಟ್ರೆ ರಬ್ಬರ್ ಊದ್ಕೊಂಡು ಹಾಳಾಗುತ್ತೆ.

ಓಮ್ನಿ ತಯಾರಿಕೆ ನಿಂತಿದ್ದು 2019ಕ್ಕೆ, ಆದ್ರೂ ಬೀಡಿಂಗು ರಬ್ಬರು ಎಲ್ಲಾ ಇನ್ನೂ ಸಿಗುತ್ತೆ, ಬೆಂಗಳೂರಿಗೆ ಬಂದ್ರೆ ಗಾಡಿ ಸ್ಪೇರ್ ಪಾರ್ಟ್ ಅಂಗಡಿಗಳಿರೋ ಜೆ.ಸಿ. ರೋಡಲ್ಲಿ ಕೇಳಿ, ಹಳೇ ಬೀಡಿಂಗ್ ತುಂಡು ಕೈಯಲ್ಲಿ ಹಿಡ್ಕೊಂಡು ಹೋಗಿ.

ಡೋರ್ ಪ್ಯಾಡ್ ಮುಚ್ಚೋ ಮುಂಚೆ ಬಾಗಿಲ ತಳದ ನೀರು ಹೋಗೋ ತೂತುಗಳನ್ನ ತಂತಿ ಹಾಕಿ ಕ್ಲೀನ್ ಮಾಡಿ, ಆ ಪ್ಲಾಸ್ಟಿಕ್ ಶೀಟನ್ನ ಮರೀದೆ ವಾಪಸ್ ಅಂಟಿಸಿ, ಅದಿಲ್ಲಾಂದ್ರೆ ಮಳೆ ನೀರು ಸೀದಾ ಒಳಗೆ ಮ್ಯಾಟ್ ಮೇಲೆ ಬರುತ್ತೆ.