ಕೋಚಿಂಗ್ ಇಲ್ಲದೆ, ಕೆಲಸ ಮಾಡಿಕೊಂಡೇ ಕ್ಯಾಟ್ ಪರೀಕ್ಷೆಗೆ (ಐಐಎಂನಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಎಂಬಿಎ ಪ್ರವೇಶ ಪರೀಕ್ಷೆ) ಓದಲು ಆರು ತಿಂಗಳ ಟೈಮ್‌ಟೇಬಲ್ ಹೇಗಿರಬೇಕು? ದಿನಕ್ಕೆ ಎಷ್ಟು ಗಂಟೆ ಬೇಕು?

ನಿಮ್ಮ ಪ್ರಶ್ನೆ ಓದಿದ ಕೂಡಲೇ 2022ರ ನನ್ನ ಪಿಜಿ ರೂಮಿನ ಗೋಡೆ ನೆನಪಾಯಿತು. ಹಾಸಿಗೆ ಪಕ್ಕ ಒಂದು ಚಾರ್ಟ್ ಶೀಟು. ಜೂನ್‌ನಿಂದ ನವೆಂಬರ್‌ವರೆಗೆ ಚೌಕಗಳು. ಒಂದು ಚಾಪ್ಟರ್ ಮುಗಿದರೆ ಹಸಿರು ಪೆನ್ನಲ್ಲಿ ಟಿಕ್. ನಾನೂ ಬೆಂಗಳೂರಲ್ಲಿ ಕೆಲಸ ಮಾಡುತ್ತಿದ್ದೆ. ಬೆಳಗ್ಗೆ ಐದಕ್ಕೆ ಎದ್ದು ಎರಡು ಗಂಟೆ, ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಓದು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಶೀಟೆಲ್ಲ ಹಸಿರಾಗಿತ್ತು.

ನವೆಂಬರ್ 27, ಭಾನುವಾರ, ಪರೀಕ್ಷೆ. ಒಟ್ಟು 66 ಪ್ರಶ್ನೆ, ಎರಡು ಗಂಟೆ. ಇಂಗ್ಲಿಷ್, ಆಮೇಲೆ ಡಿಐಎಲ್‌ಆರ್ (ಅಂಕಿಅಂಶ, ತರ್ಕದ ಪ್ರಶ್ನೆಗಳು), ಕೊನೆಗೆ ಕ್ವಾಂಟ್, ಅಂದರೆ ಗಣಿತ. ಒಂದೊಂದಕ್ಕೂ 40 ನಿಮಿಷ. ಒಂದರ ಟೈಮನ್ನು ಇನ್ನೊಂದಕ್ಕೆ ತೆಗೆದುಕೊಳ್ಳಲು ಬಿಡುವುದಿಲ್ಲ. ಇಂಗ್ಲಿಷ್ ಪರವಾಗಿಲ್ಲ ಅನ್ನಿಸಿತು. ಡಿಐಎಲ್‌ಆರ್‌ನಲ್ಲಿ ನಾಲ್ಕು ಸೆಟ್, ಒಂದೊಂದರಲ್ಲಿ ಒಂದೇ ಮಾಹಿತಿ ಮೇಲೆ ಐದು ಪ್ರಶ್ನೆ. ಮೊದಲ ಸೆಟ್ ತೆಗೆದೆ. ಟೇಬಲ್ ಹಾಕಿದೆ, ಹೊಂದಲಿಲ್ಲ. ಅಳಿಸಿ ಮತ್ತೆ ಹಾಕಿದೆ. ಇನ್ನೊಂದು ಸುಳಿವು ಸಿಕ್ಕರೆ ಬಿಡಿಸಿಬಿಡುತ್ತೇನೆ ಅನ್ನಿಸುತ್ತಲೇ ಇತ್ತು. ತಲೆ ಎತ್ತಿ ನೋಡಿದರೆ 24 ನಿಮಿಷ ಹೋಗಿತ್ತು. ಒಂದೂ ಉತ್ತರ ಬಂದಿರಲಿಲ್ಲ.

ಉಳಿದ 16 ನಿಮಿಷದಲ್ಲಿ ಗಾಬರಿಯಿಂದ ಇನ್ನೊಂದು ಸೆಟ್ ಮಾಡಿದೆ. ಕ್ವಾಂಟ್‌ನಲ್ಲಿ 97 ಪರ್ಸೆಂಟೈಲ್ ಬಂತು, ಅಂದರೆ ಬರೆದವರಲ್ಲಿ ನೂರಕ್ಕೆ 97 ಮಂದಿಗಿಂತ ಮುಂದೆ. ಡಿಐಎಲ್‌ಆರ್ 50 ಕೂಡ ದಾಟಲಿಲ್ಲ. ಐಐಎಂಗಳು ಒಟ್ಟು ಪರ್ಸೆಂಟೈಲ್ ಮಾತ್ರ ನೋಡುವುದಿಲ್ಲ, ಪ್ರತಿ ಸೆಕ್ಷನ್‌ಗೂ ಬೇರೆ ಕಟ್ಆಫ್ ಇಡುತ್ತವೆ. ಒಂದು ಕಡೆ ಬಿದ್ದರೆ ಮುಗಿಯಿತು. ನನಗೆ ಒಂದು ಇಂಟರ್‌ವ್ಯೂ ಕರೆಯೂ ಬರಲಿಲ್ಲ.

ನನ್ನ ತಪ್ಪು ಯಾವುದು ಅಂತ ಸರಿಯಾಗಿ ಹೇಳುತ್ತೇನೆ, ಯಾಕಂದ್ರೆ ನಾನೇ ಅದನ್ನು ತಿಂಗಳುಗಟ್ಟಲೆ ತಪ್ಪಾಗಿ ತಿಳಿದಿದ್ದೆ. ಡಿಐಎಲ್‌ಆರ್ ಕಡಿಮೆ ಓದಿದ್ದು ಕಾರಣ ಅಂದುಕೊಂಡಿದ್ದೆ. ಅಲ್ಲ. ಇನ್ನೂರಕ್ಕೂ ಜಾಸ್ತಿ ಸೆಟ್ ಬಿಡಿಸಿದ್ದೆ. ಆದರೆ ಪ್ರತಿಯೊಂದನ್ನೂ ಗಡಿಯಾರ ಇಲ್ಲದೆ, ಪುಸ್ತಕದ ಕ್ರಮದಲ್ಲೇ, ಉತ್ತರ ಬರುವವರೆಗೂ ಹಿಡಿದು ಕೂತು ಬಿಡಿಸಿದ್ದೆ. ಅಂದರೆ ಆರು ತಿಂಗಳು ದಿನಾ ಬೆಳಗ್ಗೆ ನಾನು ಅಭ್ಯಾಸ ಮಾಡಿದ್ದು ಒಂದೇ ವಿಷಯ: ಹಿಡಿದ ಸೆಟ್ ಬಿಡಬಾರದು. ಪರೀಕ್ಷೆಯಲ್ಲೂ ಅದನ್ನೇ ಮಾಡಿದೆ. ಅಲ್ಲಿ ಬೇಕಿದ್ದದ್ದು ನಾಲ್ಕೂ ಸೆಟ್ ಓದಿ ಸುಲಭದ್ದನ್ನು ಆರಿಸುವುದು, ಹೊಂದದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುವುದು. ಅದಕ್ಕೆ ನನ್ನ ಚಾರ್ಟ್‌ನಲ್ಲಿ ಚೌಕವೇ ಇರಲಿಲ್ಲ. ಮಾಕ್ ಟೆಸ್ಟ್, ಅಂದರೆ ಗಡಿಯಾರ ಇಟ್ಟು ಬರೆಯುವ ಪೂರ್ತಿ ಅಣಕು ಪರೀಕ್ಷೆ, ಬರೆದಿದ್ದರೆ ಜುಲೈನಲ್ಲೇ ಗೊತ್ತಾಗುತ್ತಿತ್ತು. ಪೋರ್ಷನ್ ಮುಗಿಯಲಿ, ಆಮೇಲೆ ಬರೆಯೋಣ ಅಂತ ಮುಂದೂಡಿದ್ದೆ. ಕೊನೆಗೆ ಬರೆದದ್ದು ಮೂರೇ ಮೂರು.

ಹಾಗಾಗಿ ದಿನಕ್ಕೆ ಎಷ್ಟು ಗಂಟೆ ಅನ್ನೋ ಪ್ರಶ್ನೆಯನ್ನೇ ಬಿಡಿ ಅಂತೀನಿ. ಟೈಮ್‌ಟೇಬಲ್ ಈಗಲೇ ಹಾಕಬೇಡಿ. ಈ ಭಾನುವಾರ ಒಂದು ಹಳೆ ಪೇಪರ್ ಇಟ್ಟುಕೊಂಡು, ಫೋನ್ ಬೇರೆ ರೂಮಲ್ಲಿಟ್ಟು, ಎರಡು ಗಂಟೆ ಕೂತು ಬರೆಯಿರಿ. ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಏನೂ ಓದದೆ ಹೇಗೆ ಬರೆಯೋದು ಅನ್ನಿಸುತ್ತೆ, ಅಲ್ವಾ? ಮಾರ್ಕ್ಸ್ ಕೆಟ್ಟದಾಗಿಯೇ ಬರುತ್ತೆ, ಬರಲಿ. ಎಲ್ಲಿ ಎಷ್ಟು ನಿಮಿಷ ಹೋಯಿತು ಅಂತ ಬರೆದಿಡಿ. ನಿಮ್ಮ ಟೈಮ್‌ಟೇಬಲ್ ಆ ಹಾಳೆಯಿಂದ ಹುಟ್ಟಬೇಕು.

2023ರಲ್ಲಿ ನಾನು ಮಾಡಿದ್ದು ಇಷ್ಟು. ಮೊದಲು ಎರಡು ವಾರಕ್ಕೊಂದು, ಸೆಪ್ಟೆಂಬರ್‌ನಿಂದ ವಾರಕ್ಕೊಂದು ಮಾಕ್. ಬರೆದ ಮರುದಿನ ಹೊಸದೇನೂ ಓದುತ್ತಿರಲಿಲ್ಲ, ತಪ್ಪಾದದ್ದನ್ನು, ಬಿಟ್ಟದ್ದನ್ನು ಮತ್ತೆ ಬಿಡಿಸುತ್ತಿದ್ದೆ. ಕ್ವಾಂಟ್‌ನಲ್ಲಿ ಅಂಕಗಣಿತ, ಬೀಜಗಣಿತ ಗಟ್ಟಿ ಮಾಡಿಕೊಂಡೆ, ಪೇಪರ್‌ನಲ್ಲಿ ಜಾಸ್ತಿ ಬರೋದು ಅವೇ. ಆಯ್ಕೆ ಕೊಡದೆ ಉತ್ತರ ಟೈಪ್ ಮಾಡಿಸುವ ಪ್ರಶ್ನೆಗಳಲ್ಲಿ ತಪ್ಪಿಗೆ ಮಾರ್ಕ್ಸ್ ಕಳೆಯುವುದಿಲ್ಲ, ಅವನ್ನು ಖಾಲಿ ಬಿಡುತ್ತಿರಲಿಲ್ಲ. ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ದಿನಾ ಒಂದು ಇಂಗ್ಲಿಷ್ ಲೇಖನ ಓದಿ, ಅದು ಹೇಳಿದ್ದೇನು ಅಂತ ಎರಡೇ ಸಾಲು ಕನ್ನಡದಲ್ಲಿ ಬರೆಯುತ್ತಿದ್ದೆ. ಬರೆಯಲು ಆಗದಿದ್ದರೆ ಅರ್ಥವಾಗಿಲ್ಲ ಅಂತ ಲೆಕ್ಕ. ವೊಕಾಬುಲರಿ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಇದು ನೂರು ಪಾಲು ಮೇಲು.

ಆ ವರ್ಷದ ಪರೀಕ್ಷೆಯಲ್ಲೂ ಡಿಐಎಲ್‌ಆರ್‌ನಲ್ಲಿ ಮೊದಲ ಸೆಟ್ ಹೊಂದಲಿಲ್ಲ. ಐದನೇ ನಿಮಿಷಕ್ಕೆ ಬಿಟ್ಟೆ. ಬಿಡುವಾಗ ಕೈ ನಡುಗುತ್ತಿತ್ತು, ಸುಳ್ಳು ಹೇಳಲ್ಲ. ಬೇರೆ ಎರಡು ಸೆಟ್ ಪೂರ್ತಿ ಬಂದವು.

ಭಾನುವಾರ ಪೇಪರ್ ಬರೆದ ಮೇಲೆ ಇಲ್ಲೇ ಕೆಳಗೆ ತಿಳಿಸಿ. ಮಾರ್ಕ್ಸ್ ಬೇಡ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಎಷ್ಟು ನಿಮಿಷ, ಅಷ್ಟು ಹೇಳಿ. ಅದನ್ನು ನೋಡಿಕೊಂಡು ಟೈಮ್‌ಟೇಬಲ್ ಹಾಕೋಣ.