ಸಾದಾ ಕಂಪ್ಯೂಟರ್ ಕೇಸ್‌ಗೆ ಹೊಸ ರೂಪ: ಮೊದಲು ಸೈಡ್ ಪ್ಯಾನೆಲ್ ಕಳಚಿ

ಬಣ್ಣ ಬಳಿಯುವುದು, ಒಳಗೆ ಕಾಣುವಂತೆ ಕಿಟಕಿ ಕೊರೆಯುವುದು, ದೀಪ ಹಾಕುವುದು, ಈ ಮೂರರಲ್ಲಿ ಯಾವುದರಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಇಂಥ ಕೆಲಸ ಹಿಂದೆ ಮಾಡಿಲ್ಲವೆಂದೂ ತಿಳಿಸಿದ್ದೀರಿ. ಮೂರನ್ನೂ ಮಾಡಬಹುದು, ಆದರೆ ಈ ಬಾರಿ ಕೊರೆಯುವುದನ್ನೂ ಬಣ್ಣ ಬಳಿಯುವುದನ್ನೂ ಸೈಡ್ ಪ್ಯಾನೆಲ್‌ಗೆ ಮಾತ್ರ ಸೀಮಿತಗೊಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿದರೆ ಕಳಚಿಕೊಳ್ಳುವ ಈ ತಗಡನ್ನು ದೂರ ಒಯ್ದು ಕೆಲಸ ಮಾಡಬಹುದಾದ್ದರಿಂದ ಒಳಗಿನ ಭಾಗಗಳಿಗೆ ಏನೂ ತಾಕುವುದಿಲ್ಲ. ಕೊರೆಯುವಾಗ ಉದುರುವ ಉಕ್ಕಿನ ಚೂರಿನಲ್ಲಿ ವಿದ್ಯುತ್ ಹರಿಯುತ್ತದೆ. ಅಂಥ ಒಂದು ಚೂರು ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡಿನ ಎರಡು ಪಿನ್‌ಗಳ ನಡುವೆ ಸಿಕ್ಕಿಕೊಂಡರೂ ಶಾರ್ಟ್ ಆಗಬಹುದು. ಮುಂದೆ ಎಂದಾದರೂ ಚೌಕಟ್ಟನ್ನೇ ಕೊರೆಯುವುದಾದರೆ ಒಳಗಿರುವುದನ್ನೆಲ್ಲ ಹೊರತೆಗೆದ ಮೇಲೆಯೇ ಕೈಹಾಕಬೇಕು.

ಕಿಟಕಿ ಬೇಕೆಂದಿದ್ದರೆ ಅದನ್ನು ಬಣ್ಣಕ್ಕಿಂತ ಮೊದಲೇ ಕೊರೆಯಿರಿ. ಕೊರೆದ ಅಂಚಿನಲ್ಲಿ ಬರಿಯ ಉಕ್ಕು ಹೊರಗೆ ಕಾಣುತ್ತದೆ. ಅದರ ಮೇಲೂ ಬಣ್ಣ ಕೂರದಿದ್ದರೆ ತುಕ್ಕು ಹಿಡಿಯುವುದು ಅಲ್ಲಿಂದಲೇ. ಪ್ಯಾನೆಲ್‌ನ ಒಳಬದಿಯನ್ನು ನೋಡಿದರೆ ಚೌಕಟ್ಟಿನೊಳಗೆ ಜಾರಿ ಕೂರುವ ಮಡಿಕೆಗಳು ಕಾಣುತ್ತವೆ. ಅವುಗಳಿಂದ ಸಾಕಷ್ಟು ಅಂತರ ಬಿಟ್ಟು ಗೆರೆ ಎಳೆಯಿರಿ, ಏಕೆಂದರೆ ಕಿಟಕಿಯನ್ನು ಮುಚ್ಚುವ ಅಕ್ರಿಲಿಕ್ (ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್) ಹಾಳೆಯನ್ನು ಅಂಟಿಸುವುದಕ್ಕೂ ಕಿಟಕಿಯ ಸುತ್ತ ಜಾಗ ಬೇಕು. ಎರಡೂ ಮೈಗೆ ಮಾಸ್ಕಿಂಗ್ ಟೇಪ್ ಹಚ್ಚಿ, ನಾಲ್ಕು ಮೂಲೆಗಳಲ್ಲಿ ಜಿಗ್‌ಸಾದ (ವಿದ್ಯುತ್ ಗರಗಸದ) ಬ್ಲೇಡ್ ಇಳಿಯುವಷ್ಟು ರಂಧ್ರ ಕೊರೆದು, ಪ್ಯಾನೆಲನ್ನು ಮರದ ಹಲಗೆಗೆ ಬಿಗಿಯಾಗಿ ಕ್ಲಾಂಪ್ ಮಾಡಿ, ಲೋಹಕ್ಕೆಂದೇ ಇರುವ ಸಣ್ಣ ಹಲ್ಲಿನ ಬ್ಲೇಡ್‌ನಿಂದ ಅವಸರವಿಲ್ಲದೆ ಕತ್ತರಿಸಿ. ಸಾಮಾನ್ಯ ಕೇಸ್‌ಗಳ ತಗಡು 1 ಮಿಲಿಮೀಟರ್‌ಗಿಂತ ತೆಳುವಾಗಿರುವುದರಿಂದ, ಬಿಗಿ ಸಾಲದಿದ್ದರೆ ಅದು ಬ್ಲೇಡ್‌ನ ಜೊತೆ ಅದುರುತ್ತ ಬಾಗಿಬಿಡುತ್ತದೆ. ಕಣ್ಣಿಗೆ ಸುರಕ್ಷತಾ ಕನ್ನಡಕ ಇರಲೇಬೇಕು. ಕತ್ತರಿಸಿದ ಅಂಚು ಚರ್ಮ ಸೀಳುವಷ್ಟು ಹರಿತವಾಗಿರುತ್ತದೆಯಾದ್ದರಿಂದ, ಅರದಿಂದ ಉಜ್ಜಿ ನುಣುಪು ಮಾಡುವವರೆಗೆ ಕೈಗವಸು ತೆಗೆಯಬೇಡಿ.

ಬಣ್ಣದ ಅಂದ ನಿರ್ಧಾರವಾಗುವುದು ಸ್ಪ್ರೇ ಡಬ್ಬಿ ಹಿಡಿಯುವುದಕ್ಕಿಂತ ಮೊದಲೇ, ಸ್ಯಾಂಡ್‌ಪೇಪರ್ ಉಜ್ಜುವಾಗ. ಹಳೆಯ ಬಣ್ಣವನ್ನು ಪೂರ್ತಿ ಕೆರೆದು ತೆಗೆಯಬೇಕಾಗಿಲ್ಲ. 320 ಅಥವಾ 400 ಗ್ರಿಟ್ (ಸ್ಯಾಂಡ್‌ಪೇಪರಿನ ನಯ ತಿಳಿಸುವ ಸಂಖ್ಯೆ) ಹಾಳೆಯಿಂದ ಉಜ್ಜಿ, ಬೆಳಕಿಗೆ ಓರೆಯಾಗಿ ಹಿಡಿದಾಗ ಎಲ್ಲಿಯೂ ಹೊಳಪು ಕಾಣದಂತೆ ಮಾಡಿದರೆ ಸಾಕು. ಹೊಳಪು ಉಳಿದ ಕಡೆ ಹೊಸ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಸೋಪಿನ ನೀರಿನಿಂದ ತೊಳೆದು ಒಣಗಿಸಿದ ಮೇಲೆ ಬೆರಳು ತಾಕಿಸಬೇಡಿ, ಕೈಯ ಜಿಡ್ಡು ಕೂಡ ಕಲೆಯಾಗಿ ಮೂಡುತ್ತದೆ. ಬಣ್ಣಕ್ಕೆ ಮುಂಚೆ ಬಳಿಯುವ ತಳಪದರವಾದ ಪ್ರೈಮರನ್ನೂ ಬಣ್ಣವನ್ನೂ ಗಾಳಿಯಾಡುವ ಕಡೆ, ಮಾಸ್ಕ್ ಧರಿಸಿ, ಸುಮಾರು 25 ಸೆಂಟಿಮೀಟರ್ ದೂರದಿಂದ ತೆಳುವಾಗಿ ಹಾಯಿಸಿ. ಪ್ಯಾನೆಲ್‌ನ ಅಂಚಿನ ಹೊರಗೇ ಗುಂಡಿ ಒತ್ತಿ, ಇನ್ನೊಂದು ಅಂಚು ದಾಟಿದ ಮೇಲೆ ಬಿಡಿ. ಮೊದಲ ಪದರದಲ್ಲಿ ಕೆಳಗಿನ ಬಣ್ಣ ಇಣುಕುವುದು ಸಹಜ. ಅದನ್ನು ಒಂದೇ ಸಲಕ್ಕೆ ಮುಚ್ಚಲು ಹೊರಟಾಗಲೇ ಬಣ್ಣ ಇಳಿದು ಗೆರೆಗಳಾಗುವುದು. ಪದರಗಳ ನಡುವೆ ಡಬ್ಬಿಯ ಮೇಲೆ ಸೂಚಿಸಿದಷ್ಟು ಹೊತ್ತು ಕಾಯಿರಿ. ಮುಟ್ಟಿದಾಗ ಒಣಗಿದಂತೆ ಕಂಡರೂ ಬಣ್ಣ ಪೂರ್ತಿ ಗಟ್ಟಿಯಾಗಲು ಹಲವು ದಿನ ಬೇಕಾಗುವುದರಿಂದ, ಅಲ್ಲಿಯವರೆಗೆ ಪ್ಯಾನೆಲನ್ನು ಜೋಡಿಸದಿರುವುದು ಒಳ್ಳೆಯದು.

ಕಿಟಕಿಗೆ 3 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಸಾಕು. ಅದನ್ನು ಒಳಬದಿಯಿಂದ ಅಂಟಿಸುವುದಾದರೆ, ಪ್ರೊಸೆಸರ್ ಮೇಲಿನ ಕೂಲರ್‌ಗೂ ಪ್ಯಾನೆಲ್‌ಗೂ ನಡುವೆ ಅಷ್ಟು ಜಾಗವಿದೆಯೇ ಎಂದು ಮೊದಲೇ ಅಳೆದುಕೊಳ್ಳಿ.

ದೀಪಗಳ ವಿಷಯದಲ್ಲಿ ಗಮನಿಸಬೇಕಾದದ್ದು ವೋಲ್ಟೇಜ್. ಕೇಸ್‌ಗೆ ಹಾಕುವ ಎಲ್‌ಇಡಿ ದೀಪದ ಪಟ್ಟಿಗಳಲ್ಲಿ ಎರಡು ಬಗೆ. ಪಟ್ಟಿಯಲ್ಲಿರುವ ದೀಪಗಳೆಲ್ಲ ಒಮ್ಮೆಗೆ ಒಂದೇ ಬಣ್ಣ ತೋರುವ ಸಾಮಾನ್ಯ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆರೆಸಿ ಬಣ್ಣ ಮೂಡಿಸುವುದು) 12 ವೋಲ್ಟ್‌ನದು, ಅದನ್ನು ಸಿಕ್ಕಿಸುವ ಮದರ್‌ಬೋರ್ಡಿನ ಹೆಡರ್‌ನಲ್ಲಿ (ಪಿನ್‌ಗಳಿರುವ ಜೋಡಣೆಯ ಜಾಗದಲ್ಲಿ) 4 ಪಿನ್‌ಗಳಿರುತ್ತವೆ. ಪ್ರತಿ ದೀಪವೂ ಬೇರೆ ಬಣ್ಣ ತೋರಬಲ್ಲ ಎಆರ್‌ಜಿಬಿ 5 ವೋಲ್ಟ್‌ನದು, ಅದಕ್ಕೆ 3 ಪಿನ್‌ಗಳು. 5 ವೋಲ್ಟ್ ಪಟ್ಟಿಯನ್ನು ಬಲವಂತವಾಗಿ 12 ವೋಲ್ಟ್ ಹೆಡರ್‌ಗೆ ಸಿಕ್ಕಿಸಿದರೆ ಅದು ಸುಟ್ಟುಹೋಗುತ್ತದೆ. ನಿಮ್ಮ ಮದರ್‌ಬೋರ್ಡಿನಲ್ಲಿ ಈ ಎರಡರಲ್ಲಿ ಯಾವ ಹೆಡರ್ ಕೂಡ ಇಲ್ಲದಿದ್ದರೆ, ಪವರ್ ಸಪ್ಲೈನಿಂದ ಹಾರ್ಡ್ ಡಿಸ್ಕ್‌ನಂಥ ಭಾಗಗಳಿಗೆ ವಿದ್ಯುತ್ ಒಯ್ಯುವ ಸಾಟಾ ತಂತಿಯಿಂದ ನಡೆಯುವ ಪ್ರತ್ಯೇಕ ಕಂಟ್ರೋಲರ್ ಕೊಂಡುಕೊಳ್ಳಿ, ಮತ್ತು ಅದನ್ನು ಜೋಡಿಸುವ ಮುನ್ನ ಗೋಡೆಯ ಪ್ಲಗ್ ತೆಗೆದಿಡಿ.