ವಿಜೇಂದರ್ ದೇಶ ಬಿಟ್ಟು ಹೋದವರಲ್ಲ, ಮಾಸ್ತರರೇ

ಬಾಕ್ಸರ್ ವಿಜೇಂದರ್ ಸಿಂಗ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಗೋಕಾಕ ಕಡೆಯ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಪತ್ರದ ತಿರುಳು ಇಷ್ಟು: 'ಒಲಿಂಪಿಕ್ಸ್ ಪದಕ ತಂದವ ದೇಶದ ಅಂಗಿ ಕಳಚಿಟ್ಟು ದುಡ್ಡಿನ ಹಿಂದೆ ಮ್ಯಾಂಚೆಸ್ಟರಿಗೆ ಹೋದ. ಅಂಥವನನ್ನು ಯಾಕೆ ಹೊಗಳುತ್ತೀರಿ? ನನ್ನ ತಂಗಿ ಮಗ ಬೆಳಗಾವಿಯಲ್ಲಿ ಕಾಲೇಜು ಓದುತ್ತ ಬಾಕ್ಸಿಂಗ್ ಆಡುತ್ತಾನೆ. ಈಗ ಇಪ್ಪತ್ತು ವರ್ಷ. ರಾಜ್ಯ ಮಟ್ಟದಲ್ಲಿ ಒಂದು ಪದಕ ಬಂದಿದೆ. ನಿಮ್ಮ ಲೇಖನ ಓದಿದ ಮೇಲೆ ನಾನೂ ಪ್ರೊ (ದುಡ್ಡಿಗೆ ಆಡುವ ವೃತ್ತಿಪರ ಬಾಕ್ಸರ್) ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಮುಂಬೈಯಿಂದ ಯಾರೋ ಫೋನ್ ಬೇರೆ ಮಾಡಿದ್ದಾರಂತೆ. ಅವನಿಗೆ ಏನು ಹೇಳಲಿ?'

ಮಾಸ್ತರರಿಗೆ ನಮಸ್ಕಾರ.

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಎರಡನೆಯದೇ ತುರ್ತಿನದು, ನನಗೆ ಗೊತ್ತು. ಆದರೆ ಮೊದಲನೆಯದನ್ನು ಬಿಡಿಸದೆ ಅದಕ್ಕೆ ಕೈ ಹಾಕಲು ಆಗುವುದಿಲ್ಲ.

ದುಡ್ಡಿನ ಹಿಂದೆ ಹೋದ ಎಂಬ ಮಾತನ್ನು ನಾನು ಒಪ್ಪಲಾರೆ. ಹರಿಯಾಣದ ಭಿವಾನಿ ಹತ್ತಿರದ ಕಾಲುವಾಸ್ ಎಂಬ ಹಳ್ಳಿ ವಿಜೇಂದರ್ ಅವರದು. ಅಪ್ಪ ಸರ್ಕಾರಿ ಬಸ್ ಡ್ರೈವರ್. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋದಾಗ ಇನ್ನೂ 18ರ ಹುಡುಗ, ಮೊದಲ ಪಂದ್ಯದಲ್ಲೇ ಸೋತು ಬಂದರು. 2008ರಲ್ಲಿ ಬೀಜಿಂಗ್‌ನಲ್ಲಿ ಕಂಚು. ಬಾಕ್ಸಿಂಗ್‌ನಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಪದಕ ಅದು. ಮರುವರ್ಷ ಮಿಲಾನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು, 2010ರ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. 2012ರಲ್ಲಿ ಲಂಡನ್, ಅಲ್ಲಿಗೆ ಮೂರು ಒಲಿಂಪಿಕ್ಸ್ ಆಯಿತು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ. ಇಷ್ಟೆಲ್ಲ ಆದ ಮೇಲೆ 2015ರ ಜೂನ್‌ನಲ್ಲಿ ಪ್ರೊ ಆದರು. ಹತ್ತು ವರ್ಷಕ್ಕೂ ಜಾಸ್ತಿ ದೇಶದ ಅಂಗಿ ತೊಟ್ಟು ಏಟು ತಿಂದವರು ಇನ್ನೂ ಏನು ಕೊಡಬೇಕಿತ್ತು ಹೇಳಿ?

ಬೀಜಿಂಗ್‌ನ ಆ ಪದಕದ ಕಟ್ಟೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. 75 ಕೆಜಿ ವಿಭಾಗ. ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು ಸಿಗುವುದರಿಂದ ಕಟ್ಟೆಯ ಮೇಲೆ ನಾಲ್ಕು ಜನ. ನಿಮ್ಮ ಹುಡುಗನಿಗೆ ಈ ನಾಲ್ವರ ಕಥೆ ಹೇಳಿ. ಬೇರೆ ಯಾವ ಬುದ್ಧಿಮಾತಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಚಿನ್ನ ಗೆದ್ದವರು ಬ್ರಿಟನ್ನಿನ ಜೇಮ್ಸ್ ಡಿಗೇಲ್. ವಿಜೇಂದರ್‌ಗಿಂತ ಕೆಲವೇ ತಿಂಗಳು ಚಿಕ್ಕವರು. ಚಿನ್ನ ಕೊರಳಲ್ಲಿ ಇರುವಾಗಲೇ ಪ್ರೊ ಆದರು. 2009ರಲ್ಲಿ ಮೊದಲ ಪಂದ್ಯ, 2015ರಲ್ಲಿ ಐಬಿಎಫ್ ಎಂಬ ಸಂಸ್ಥೆಯ ವಿಶ್ವ ಪಟ್ಟ. ಅಂದರೆ ವಿಜೇಂದರ್ ಪ್ರೊ ಶಾಲೆಗೆ ಸೇರಿದ ವರ್ಷ ಡಿಗೇಲ್ ವಿಶ್ವ ಚಾಂಪಿಯನ್ ಆಗಿದ್ದರು. ಬೆಳ್ಳಿ ಗೆದ್ದವರು ಕ್ಯೂಬಾದ ಎಮಿಲಿಯೊ ಕೊರಿಯಾ. ಅಪ್ಪನೂ 1972ರ ಮ್ಯೂನಿಕ್‌ನಲ್ಲಿ ಬಾಕ್ಸಿಂಗ್ ಚಿನ್ನ ಗೆದ್ದವರೇ. ಅವರ ದೇಶದಲ್ಲಿ ಆಗ ಪ್ರೊ ಬಾಕ್ಸಿಂಗ್‌ಗೇ ನಿಷೇಧ. ದುಡ್ಡೋ ದೇಶವೋ ಎಂದು ಯೋಚಿಸುವ ಅವಕಾಶವೇ ಅವರಿಗೆ ಇರಲಿಲ್ಲ. ಇನ್ನೊಂದು ಕಂಚು ಐರ್ಲೆಂಡಿನ ಡ್ಯಾರೆನ್ ಸದರ್‌ಲ್ಯಾಂಡ್ ಅವರದು. ಅವರೂ ಬೇಗ ಪ್ರೊ ಆದರು. ನಾಲ್ಕು ಪಂದ್ಯ, ನಾಲ್ಕೂ ಗೆಲುವು. 2009ರ ಸೆಪ್ಟೆಂಬರಿನಲ್ಲಿ, ಊರಿಂದ ದೂರ ಲಂಡನ್ನಿನಲ್ಲಿ, 27ನೇ ವಯಸ್ಸಿಗೆ ತೀರಿಕೊಂಡರು. ಈ ಸಾಲು ಬರೆಯುವಾಗಲೂ ಮನಸ್ಸು ಭಾರವಾಗುತ್ತದೆ. ದಾಖಲೆಯಲ್ಲಿ ಗೆಲುವೇ ಇದ್ದರೂ ಹುಡುಗ ಹೇಗಿದ್ದಾನೆ ಎಂದು ಪಕ್ಕದಲ್ಲಿ ಕೂತು ಕೇಳುವವರು ಬೇಕು. ಮನೆಯವರಾಗಿ ನೀವು ಇದನ್ನು ಮರೆಯಬೇಡಿ.

ಆ ಪದಕ ಖಚಿತವಾಗಿದ್ದು ಕ್ವಾರ್ಟರ್‌ಫೈನಲ್‌ನಲ್ಲಿ, ಎಕ್ವಡಾರಿನ ಕಾರ್ಲೋಸ್ ಗೊಂಗೋರಾ ಅವರನ್ನು ವಿಜೇಂದರ್ 9–4ರಿಂದ ಸೋಲಿಸಿದಾಗ. ಹಾಗೆ ಸೋತ ಗೊಂಗೋರಾ ಕೂಡ 2015ರಲ್ಲೇ ಪ್ರೊ ಆದರು. 2020ರಲ್ಲಿ ಐಬಿಒ ಎಂಬ ಸಂಸ್ಥೆಯ ಸೂಪರ್ ಮಿಡಲ್‌ವೇಟ್ ತೂಕ ವಿಭಾಗದ ಪಟ್ಟ ಗೆದ್ದರು. ಅಮೆಚೂರ್‌ನಲ್ಲಿ, ಅಂದರೆ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್ ತರಹದ ಟೂರ್ನಿಗಳಲ್ಲಿ, ಗೆದ್ದವನೇ ಪ್ರೊದಲ್ಲೂ ಗೆಲ್ಲುತ್ತಾನೆ ಎಂಬ ಗ್ಯಾರಂಟಿ ಇಲ್ಲ.

ಯಾಕೆಂದರೆ ಅಲ್ಲಿ ಆಟವೇ ಬೇರೆ. ಬೀಜಿಂಗ್‌ನಲ್ಲಿ ಒಂದು ಪಂದ್ಯ ಎಂದರೆ ಎರಡೆರಡು ನಿಮಿಷದ ನಾಲ್ಕು ಸುತ್ತು. ರಿಂಗಿನ ಸುತ್ತ ಐದು ಜನ ಜಡ್ಜ್‌ಗಳು, ಕೈಯಡಿಯಲ್ಲಿ ಬಟನ್. ಐವರಲ್ಲಿ ಮೂವರು ಹೆಚ್ಚುಕಡಿಮೆ ಒಂದೇ ಸೆಕೆಂಡಿನೊಳಗೆ ಒತ್ತಿದರೆ ಮಾತ್ರ ಒಂದು ಅಂಕ. ಹೀಗಾಗಿ ಎಲ್ಲರ ಕಣ್ಣಿಗೆ ಬೀಳುವಂತೆ ಮುಖಕ್ಕೆ ನೇರ ಹೊಡೆದು ಹಿಂದೆ ಸರಿಯುವವನಿಗೆ ಲಾಭ. ಪಕ್ಕೆಗೆ ಬಿದ್ದ ಏಟು ಎಷ್ಟೇ ಜೋರಾಗಿದ್ದರೂ ಬಹಳ ಸಲ ಲೆಕ್ಕಕ್ಕೇ ಬರುತ್ತಿರಲಿಲ್ಲ. ಪ್ರೊದಲ್ಲಿ ಸುತ್ತು ಮೂರು ನಿಮಿಷದ್ದು. ಹೊಸಬರಿಗೆ ನಾಲ್ಕು ಸುತ್ತು, ಆಮೇಲೆ ಆರು, ಎಂಟು, ಹತ್ತು. ವಿಶ್ವ ಪಟ್ಟಕ್ಕೆ ಹನ್ನೆರಡು. ಎರಡನೇ ಸುತ್ತಿನಲ್ಲಿ ಪಕ್ಕೆಗೆ ಬಿದ್ದ ಏಟು ಏಳನೇ ಸುತ್ತಿನಲ್ಲಿ ಕಾಲು ಎಳೆಯುತ್ತದೆ.

ಕೈಯನ್ನೇ ನೋಡಿ. ಅಮೆಚೂರ್‌ನಲ್ಲಿ 75 ಕೆಜಿಯವರಿಗೆ ಈಗ 12 ಔನ್ಸ್ ಗ್ಲೌಸ್. ಪ್ರೊದಲ್ಲಿ ಅದೇ ತೂಕದವರಿಗೆ 10. ಎರಡು ಔನ್ಸ್ ಅಂದರೆ ಸುಮಾರು 57 ಗ್ರಾಂ. ಬರೀ ಅಷ್ಟೇನಾ ಅನ್ನಿಸಬಹುದು. ಆದರೆ ಕಡಿಮೆಯಾಗುವುದು ಮುಷ್ಟಿಗೂ ಎದುರಿನವನ ದವಡೆಗೂ ನಡುವೆ ಇರುವ ಮೆತ್ತೆ. ಗ್ಲೌಸಿನ ಒಳಗೆ ಕೈಗೆ ಗಾಜ್ ಬಟ್ಟೆ ಸುತ್ತಿ ಮೇಲೆ ಟೇಪ್ ಹಾಕುತ್ತಾರೆ. ಸುತ್ತುವಾಗ ಎದುರಾಳಿ ಕಡೆಯವನೊಬ್ಬ ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾನೆ. ಮುಗಿದ ಮೇಲೆ ಅಧಿಕಾರಿ ಬಂದು ಬೆರಳ ಗೆಣ್ಣುಗಳ ಮೇಲೆ ಒತ್ತಿ ನೋಡಿ, ಟೇಪಿನ ಮೇಲೆ ಪೆನ್ನಿನಿಂದ ಸಹಿ ಹಾಕುತ್ತಾನೆ. ಆ ಕೈ ಎಷ್ಟು ಅಪಾಯದ್ದು ಎಂದು ಅವರಿಗೆಲ್ಲ ಗೊತ್ತು.

ಇನ್ನು ಎದುರಾಳಿ ಯಾರು ಎಂಬ ಮಾತು. ಇದು ನಿಮಗೆ ಬೇಗ ತಿಳಿಯುತ್ತದೆ, ನಮ್ಮ ಕಡೆ ಜಾತ್ರೆ ಕುಸ್ತಿ ನೋಡಿ ಬೆಳೆದವರು ನೀವು. ಮ್ಯಾಟ್ ಮೇಲಿನ ಟೂರ್ನಿಯಲ್ಲಿ ಚೀಟಿ ಎತ್ತಿದಂತೆ ಎದುರಾಳಿ. ಜಾತ್ರೆ ಕಣದಲ್ಲಿ ಜೋಡಿ ಹಚ್ಚುವವರು ಕಮಿಟಿಯವರು. ಯಾವ ಪೈಲ್ವಾನನಿಗೆ ಯಾರನ್ನು ಹಚ್ಚಿದರೆ ಜನ ಸೇರುತ್ತಾರೆ, ಯಾರನ್ನು ಬೆಳೆಸಬೇಕು ಎಂಬುದೆಲ್ಲ ಅವರ ಲೆಕ್ಕ. ಪ್ರೊ ಬಾಕ್ಸಿಂಗ್ ಹಾಗೆಯೇ. ಜೋಡಿ ಹಚ್ಚುವವನು ಪ್ರಮೋಟರ್. ವಿಜೇಂದರ್ ಹಿಂದೆ ನಿಂತಿದ್ದವರು ಬ್ರಿಟನ್ನಿನ ಹಳೆಯ ಪ್ರಮೋಟರ್ ಫ್ರ್ಯಾಂಕ್ ವಾರನ್, ಕಲಿಸಿದವರು ಮ್ಯಾಂಚೆಸ್ಟರಿನ ಲೀ ಬಿಯರ್ಡ್. 2015ರ ಅಕ್ಟೋಬರ್ 10ರಂದು ಮೊದಲ ಪಂದ್ಯ. ಮೂವತ್ತು ತುಂಬಲು ಮೂರು ವಾರ ಬಾಕಿ. ಅಲ್ಲಿಂದ ಏಳು ತಿಂಗಳಲ್ಲಿ ಆರು ಪಂದ್ಯ, ಆರರಲ್ಲೂ ಎದುರಾಳಿ ಪೂರ್ತಿ ಸುತ್ತು ನಿಲ್ಲಲಿಲ್ಲ. 2016ರ ಜುಲೈನಲ್ಲಿ ದೆಹಲಿಯಲ್ಲಿ ಕೆರಿ ಹೋಪ್ ವಿರುದ್ಧ ಹತ್ತು ಸುತ್ತು ಆಡಿ ಡಬ್ಲ್ಯುಬಿಒ ಎಂಬ ಸಂಸ್ಥೆಯ ಏಷ್ಯಾ ಪೆಸಿಫಿಕ್ ಬೆಲ್ಟ್ ಗೆದ್ದರು. ನನ್ನ ಪ್ರಕಾರ ಅವರ ಪ್ರೊ ಜೀವನದ ನಿಜವಾದ ಗೆಲುವು ಅದು. ಹೋಪ್ ಅನುಭವಿ, ಯುರೋಪ್ ಪಟ್ಟ ಗೆದ್ದಿದ್ದವರು. ಆದರೆ ಆ ಬೆಲ್ಟ್ ವಿಶ್ವ ಪಟ್ಟವಲ್ಲ, ಒಂದು ವಲಯದ್ದು. ಬೀಜಿಂಗ್ ಕಂಚಿನ ತೂಕ ಅದಕ್ಕಿಲ್ಲ.

ಅಲ್ಲಿಂದ ಮುಂದೆ 12ಕ್ಕೆ ಏರಿದ ಸತತ ಗೆಲುವಿನ ಸರಣಿ ಮುರಿದದ್ದು ನಮ್ಮ ಪಕ್ಕದಲ್ಲೇ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಸಿಗುವ ಪಣಜಿಯಲ್ಲಿ, ಮಾಂಡೋವಿ ನದಿಯ ಕ್ಯಾಸಿನೊ ಹಡಗಿನ ಮೇಲೆ ರಿಂಗ್ ಹಾಕಿದ್ದರು. 2021ರ ಮಾರ್ಚ್ 19. ಎದುರಿಗೆ ತನಗಿಂತ ಎತ್ತರದ, ಚಿಕ್ಕ ವಯಸ್ಸಿನ ರಷ್ಯಾದ ಅರ್ಟಿಶ್ ಲೋಪ್ಸಾನ್. ವಿಜೇಂದರ್‌ಗೆ 35. ಹಿಂದಿನ ಪಂದ್ಯ ಆಡಿ ಒಂದು ವರ್ಷದ ಮೇಲೆ ನಾಲ್ಕು ತಿಂಗಳಾಗಿತ್ತು. ಐದನೇ ಸುತ್ತಿನಲ್ಲಿ ರೆಫ್ರಿ ಪಂದ್ಯ ನಿಲ್ಲಿಸಿದರು. ಮುಂದಿನ ವರ್ಷ ರಾಯ್‌ಪುರದಲ್ಲಿ ಮತ್ತೆ ಇಳಿದು ಗೆದ್ದರು. ಅವರನ್ನು ನಾವು ಹೊಗಳಿದ್ದು ಬೆಲ್ಟ್ ನೋಡಿ ಅಲ್ಲ, ಮಾಸ್ತರರೇ. ಹೆಸರು, ಪದಕ, ಪೊಲೀಸ್ ಇಲಾಖೆಯ ಕೆಲಸ ಎಲ್ಲ ಇದ್ದ ಮನುಷ್ಯ ಮೂವತ್ತರ ಹತ್ತಿರ ಹೊಸ ವಿದ್ಯೆ ಕಲಿಯಲು ಹೋದರಲ್ಲ, ಅದನ್ನು ನೋಡಿ.

ಈಗ ನಿಮ್ಮ ಹುಡುಗನ ಮಾತು.

ವಿಜೇಂದರ್ ಹೋದಾಗ ಕೈಯಲ್ಲಿ ಏನೇನಿತ್ತು, ಡಿಗೇಲ್ ಹೋದಾಗ ಏನಿತ್ತು ಎಂದು ಅವನೇ ಒಂದು ಹಾಳೆಯಲ್ಲಿ ಬರೆಯಲಿ. ಪಕ್ಕದಲ್ಲಿ ತನ್ನದನ್ನೂ ಬರೆಯಲಿ. ರಾಜ್ಯ ಪದಕ ಸಣ್ಣದಲ್ಲ. ಆದರೆ ಪ್ರಮೋಟರ್ ಕಣ್ಣಿಗೆ ಅವನು ಬೆಳೆಸಬೇಕಾದ ಹುಡುಗನೋ, ಬೇರೆ ಯಾರನ್ನೋ ಬೆಳೆಸಲು ಬೇಕಾದ ಎದುರಾಳಿಯೋ? ನನ್ನ ಭಯ ಇರುವುದು ಇಲ್ಲೇ. ಹೆಸರಿಲ್ಲದ ಹುಡುಗರಿಗೆ ಜೋಡಿ ಹಚ್ಚುವಾಗ ಬಹಳ ಸಲ ಎರಡನೆಯದೇ ಆಗುತ್ತದೆ. ನಾಲ್ಕು ಸೋಲು ದಾಖಲೆಗೆ ಹತ್ತಿದರೆ ಅದು ಅಳಿಸುವುದಿಲ್ಲ, ತಲೆಗೆ ಬಿದ್ದ ಏಟಂತೂ ಅಳಿಸುವುದೇ ಇಲ್ಲ.

ಅಮೆಚೂರ್‌ನಲ್ಲಿ ಹಿರಿಯರ ವಿಭಾಗ ಶುರುವಾಗುವುದೇ 19ಕ್ಕೆ, 40ರವರೆಗೂ ಆಡಬಹುದು. ಇಪ್ಪತ್ತಕ್ಕೆ ಅವನಿಗೆ ಏನು ತಡವಾಗಿದೆ? ಕಾಲೇಜಿನಲ್ಲಿ ಇರುವಷ್ಟು ದಿನ ಅಂತರ ವಿಶ್ವವಿದ್ಯಾಲಯ ಟೂರ್ನಿ ಇದೆ, ಅದನ್ನು ಬಿಡುವುದು ಬೇಡ. ಸೇನೆ, ರೈಲ್ವೆಯ ಕ್ರೀಡಾ ಕೋಟಾ ಇದೆ. ಬೆಳಗಾವಿಯಿಂದ ಹೆದ್ದಾರಿ ಹಿಡಿದು ಹೋದರೆ ಪುಣೆಯಲ್ಲಿ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಇದೆ, ಅಲ್ಲಿ ಬಾಕ್ಸಿಂಗ್ ಕಲಿಸುತ್ತಾರೆ. ಒಂದು ಕೆಲಸ ಕೈಯಲ್ಲಿರಲಿ, ರಾಷ್ಟ್ರ ಮಟ್ಟದಲ್ಲಿ ನಾಲ್ಕು ಪಂದ್ಯ ಗೆಲ್ಲಲಿ. ಆಗ ಮುಂಬೈಯವರು ಫೋನ್ ಮಾಡಿದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಪ್ರೊ ಆದರೆ ಒಲಿಂಪಿಕ್ಸ್ ಬಾಗಿಲು ಮುಚ್ಚಿತು ಎಂಬ ಕಾಲವೂ ಈಗ ಹೋಗಿದೆ. ನಮ್ಮ ದೇಶದ ಬಾಕ್ಸರ್ ವಿಕಾಸ್ ಕೃಷನ್ 2019ರಲ್ಲಿ ಎರಡು ಪ್ರೊ ಪಂದ್ಯ ಗೆದ್ದು, ವಾಪಸ್ ಬಂದು, ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ಹಾಗಾಗಿ ಅವನ ಕನಸಿಗೆ ನೀವು ಬೇಡ ಅನ್ನಬೇಡಿ. ಬೇಡ ಅಂದರೆ ನಿಮಗೆ ಹೇಳದೆ ಹೋಗುತ್ತಾನೆ.

ಮುಂಬೈಯವರಿಗೆ ನೀವೇ ಒಂದು ಫೋನ್ ಮಾಡಿ. ಎಷ್ಟು ವರ್ಷದ ಒಪ್ಪಂದ? ವರ್ಷಕ್ಕೆ ಎಷ್ಟು ಪಂದ್ಯ ಕೊಡುತ್ತೀರಿ? ಕೋಚ್ ಯಾರು, ಎಲ್ಲಿ ಉಳಿಯಬೇಕು? ಪಂದ್ಯದ ದುಡ್ಡಿನಲ್ಲಿ ಮ್ಯಾನೇಜರ್‌ಗೆ ಎಷ್ಟು, ಕೋಚ್‌ಗೆ ಎಷ್ಟು, ಹುಡುಗನ ಕೈಗೆ ಎಷ್ಟು? ತಲೆಗೆ ಪೆಟ್ಟಾದರೆ ಸ್ಕ್ಯಾನ್, ಆಸ್ಪತ್ರೆ ಖರ್ಚು ಯಾರದು? ಎದುರಾಳಿಯ ಹೆಸರು ಎಷ್ಟು ದಿನ ಮುಂಚೆ ತಿಳಿಸುತ್ತೀರಿ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ಕೇಳಿ. ಕಾಗದ ಬಂದರೆ ಸಹಿ ಮಾಡುವ ಮೊದಲು ಒಂದು ಪ್ರತಿ ನಮ್ಮ ಕಚೇರಿಗೆ ಕಳುಹಿಸಿ. ವಕೀಲರೊಬ್ಬರಿಗೆ ತೋರಿಸಿ, ಕನ್ನಡದಲ್ಲಿ ಅದರ ಅರ್ಥ ಬರೆಸಿ ನಿಮಗೆ ಕಳುಹಿಸುವ ಹೊಣೆ ನಮ್ಮದು.

– ಸಂಪಾದಕ